ಓದು, ಒಡನಾಟ ಮತ್ತು ಒಂದು ಶಿಫಾರಸು ಪತ್ರ



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರದ ಕಚೇರಿಯ ಬಾಗಿಲಲ್ಲಿ ಚಪ್ಪಲಿಗಳ ಸಂಖ್ಯೆ ಹೆಚ್ಚುತ್ತದೆ. ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ಮರುದಿನದಿಂದಲೇ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಒಬ್ಬರಿಗೆ ಮಗನ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕು. ಇನ್ನೊಬ್ಬರಿಗೆ 'ಇವರು ನಮ್ಮ ಧರ್ಮಕೇಂದ್ರಕ್ಕೆ ಸೇರಿದವರು' ಎಂಬ ಪತ್ರ ಬೇಕು. ಬರೆದು ಮೊಹರು ಒತ್ತಿ ಕೊಡುವುದು ಐದು ನಿಮಿಷದ ಕೆಲಸ. ಆದರೆ ಪತ್ರ ಕೈಗೆ ಬಂದ ಮೇಲೂ ಅವರು ಏಳುವುದಿಲ್ಲ. ಅದನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿರುತ್ತಾರೆ. ಕೇಳಬೇಕಾದ ಮಾತು ಇನ್ನೂ ಬಾಕಿ ಇದೆ ಎಂದು ನನಗೆ ಆಗ ತಿಳಿಯುತ್ತದೆ.

ಕಳೆದ ವರ್ಷ ಹಾಗೆ ಕೂತವರು ಒಬ್ಬ ತಾಯಿ ಮತ್ತು ಮಗಳು. ತಾಯಿ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಯಂತ್ರದ ಮುಂದೆ 14 ವರ್ಷ ಕಳೆದವರು. ತಂದೆಗೆ ಲೇತ್ ಕೆಲಸ. ಮಗಳಿಗೆ ವಾಣಿಜ್ಯ ವಿಭಾಗದಲ್ಲಿ ನೂರಕ್ಕೆ 91 ಅಂಕ. ಎರಡು ಕಡೆ ಸೀಟು ಸಿಗುವ ಹಾಗಿತ್ತು. ಒಂದು, ನಗರದ ನಡುವೆ ಇರುವ ಹೆಸರಾಂತ ಕಾಲೇಜು. ನೃತ್ಯ, ನಾಟಕ, ಚರ್ಚಾಕೂಟ, ವರ್ಷಕ್ಕೆ ಎರಡು ದೊಡ್ಡ ಫೆಸ್ಟು. ಇನ್ನೊಂದು ನಮಗೆ ಹತ್ತಿರದ್ದು. ಗೇಟಿನಲ್ಲೇ ಮೊಬೈಲು ಒಪ್ಪಿಸಬೇಕು, ವಾರಕ್ಕೊಂದು ಟೆಸ್ಟು, ಫಲಿತಾಂಶ ಬಂದಾಗ ರ‍್ಯಾಂಕ್ ಪಡೆದವರ ಫೋಟೋ ಹಾಕಿದ ಫ್ಲೆಕ್ಸು.

"ಸ್ವಾಮಿ, ಅಲ್ಲಿ ವರ್ಷಪೂರ್ತಿ ಹಬ್ಬವಂತೆ. ನಾವು ಓದೋಕೆ ಕಳಿಸೋದಾ, ಕುಣಿಯೋಕೆ ಕಳಿಸೋದಾ?" ಎಂದರು ತಾಯಿ.

ಮಗಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಫಾದರ್, ಪಿ.ಯು. ಎರಡು ವರ್ಷ ನಾನು ಟೆಸ್ಟ್ ಬರೆದಿದ್ದು ಬಿಟ್ಟು ಬೇರೆ ಏನೂ ಮಾಡಿಲ್ಲ. ಇನ್ನೂ ಮೂರು ವರ್ಷ ಅದೇನಾ?"

ಇಬ್ಬರೂ ನನ್ನ ಮುಖ ನೋಡಿದರು. "ಮುಂದಿನ ಭಾನುವಾರ ಪೂಜೆಯ ನಂತರ ಬನ್ನಿ" ಎಂದೆ. ಅಷ್ಟು ಸುಲಭದ ಪ್ರಶ್ನೆಗೆ ಸ್ವಾಮಿಗೆ ಉತ್ತರ ಗೊತ್ತಿಲ್ಲವೇ ಎಂದು ತಾಯಿಗೆ ಬೇಸರವಾಗಿರಬಹುದು. ಆದರೆ ಇದೇ ಪ್ರಶ್ನೆಗೆ ಒಮ್ಮೆ ತಕ್ಷಣ ಉತ್ತರ ಕೊಟ್ಟು ನಾನು ಪಾಠ ಕಲಿತಿದ್ದೇನೆ. ಪಾಠದ ಬೆಲೆ ತೆತ್ತವನು ಮಾತ್ರ ಬೇರೊಬ್ಬ.

ನಾನು ಗುರುವಾದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗಿನ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಪೀಠಸೇವಕನಾಗಿದ್ದ, ಚೆನ್ನಾಗಿ ಓದುತ್ತಿದ್ದ, ಭಾನುವಾರ ಸಂಜೆ ಚರ್ಚಿನ ಅಂಗಳದಲ್ಲಿ ವಾಲಿಬಾಲ್ ತಂಡ ಕಟ್ಟುತ್ತಿದ್ದ. ಸಿ.ಇ.ಟಿ.ಯಲ್ಲಿ ಒಳ್ಳೆಯ ರ‍್ಯಾಂಕು ಬಂತು. ಜೊತೆಗಾರರು ಸೇರುತ್ತಿದ್ದ ಕಾಲೇಜಿಗೆ ಹೋಗಲೇ, ಫಲಿತಾಂಶಕ್ಕೆ ಹೆಸರಾದ ಇನ್ನೊಂದಕ್ಕೆ ಹೋಗಲೇ ಎಂದು ಕೇಳಿದ. "ಓದಿಗೆ ಯಾವುದು ಒಳ್ಳೆಯದೋ ಅದಕ್ಕೆ ಸೇರು. ಸ್ನೇಹಿತರು ಆಮೇಲೆ ಸಿಗುತ್ತಾರೆ" ಎಂದೆ. ನಾನು ಹೇಳಿದ್ದು ಇಷ್ಟೇ. ಗುರುವಿನ ಬಾಯಿಂದ ಬಂದ ಮಾತೆಂದು ಮನೆಯವರು ಅದನ್ನೇ ಹಿಡಿದರು.

ಸ್ನೇಹಿತರು ಆಮೇಲೆ ಸಿಗಲಿಲ್ಲ. ತರಗತಿಯಲ್ಲಿ ಎಲ್ಲರ ಮಾತು ಇಂಗ್ಲಿಷು. ಇವನು ಕೊನೆಯ ಬೆಂಚು. ಅರ್ಥವಾಗದ್ದನ್ನು ಮೇಷ್ಟ್ರ ಬಳಿ ಕೇಳಲು ನಾಚಿಕೆ, ಪಕ್ಕದವನ ಬಳಿ ಕೇಳೋಣವೆಂದರೆ ಪಕ್ಕದವನ ಹೆಸರೇ ಸರಿಯಾಗಿ ಗೊತ್ತಿಲ್ಲ. ಮೂರನೆಯ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಉಳಿದವು. ಆಮೇಲೆ ಅವನು ಹೋಗುವುದನ್ನೇ ಬಿಟ್ಟ. ಇಂದು ಒಂದು ಕಾರ್ಖಾನೆಯಲ್ಲಿ ಸಿ.ಎನ್.ಸಿ. ಯಂತ್ರ ನಡೆಸುತ್ತಾನೆ. ಅದು ಗೌರವದ ದುಡಿಮೆ, ಅದರ ಬಗ್ಗೆ ನನಗೆ ಬೇಸರವಿಲ್ಲ. ಒಮ್ಮೆ ಸಿಕ್ಕಾಗ ಅವನು ಆಡಿದ ಒಂದು ಮಾತು ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ: "ಫಾದರ್, ಒಂದೂವರೆ ವರ್ಷದಲ್ಲಿ ಅಲ್ಲಿ ಒಬ್ಬರೂ ನನ್ನನ್ನ ಊಟ ಆಯ್ತಾ ಅಂತ ಕೇಳಲಿಲ್ಲ."

ನನ್ನ ತಪ್ಪು ಎಲ್ಲಿತ್ತು? ಓದು ಮುಖ್ಯ ಎಂದದ್ದು ತಪ್ಪಲ್ಲ. ಓದನ್ನೂ ಒಡನಾಟವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟದ್ದು ತಪ್ಪು. 'ಸಮತೋಲನ' ಎಂಬ ಪದ ಈಗ ಎಲ್ಲರ ಬಾಯಲ್ಲೂ ಇದೆ. ಕೇಳಲು ಚೆನ್ನಾಗಿದೆ. ಆದರೆ ತಕ್ಕಡಿಯಲ್ಲಿ ಒಂದು ತಟ್ಟೆ ಕೆಳಗಿಳಿದರೆ ಇನ್ನೊಂದು ಮೇಲೇರಲೇಬೇಕು. ಗೆಳೆಯರೊಂದಿಗೆ ಕಳೆದ ಗಂಟೆಯೆಲ್ಲ ಓದಿಗೆ ನಷ್ಟ ಎಂದಾದರೆ, ಯಾರೂ ಮಾತನಾಡಿಸದ ಆ ಹುಡುಗನೇ ಕಾಲೇಜಿಗೆ ಮೊದಲಿಗನಾಗಬೇಕಿತ್ತು. ಹಾಗಾಗಲಿಲ್ಲ. ಅವನಿಗೆ ಒಬ್ಬ ಗೆಳೆಯ ಸಿಕ್ಕಿದ್ದರೆ ಗಣಿತವೂ ಸಿಗುತ್ತಿತ್ತು ಎಂದು ನಾನೀಗ ನಂಬುತ್ತೇನೆ.

ಗುರುಮಠದಲ್ಲಿದ್ದಾಗ ನಮ್ಮ ವೇಳಾಪಟ್ಟಿಯಲ್ಲಿ ಓದಿಗೆ ಗಂಟೆ ಬಾರಿಸುತ್ತಿದ್ದ ಹಾಗೆಯೇ ಆಟಕ್ಕೂ ಗಂಟೆ ಬಾರಿಸುತ್ತಿತ್ತು. ಪುಸ್ತಕ ಹಿಡಿದುಕೊಂಡು ಮರದ ಕೆಳಗೆ ಕೂತು ಆಟ ತಪ್ಪಿಸಿಕೊಳ್ಳುವುದು ದೊಡ್ಡ ಭಕ್ತಿ ಎಂದು ನಾನು ತಿಳಿದಿದ್ದೆ. ನಮ್ಮ ಮೇಲ್ವಿಚಾರಕ ಗುರುಗಳು ಓದು ತಪ್ಪಿಸಿದವನನ್ನು ಕರೆದಷ್ಟೇ ಗಂಭೀರವಾಗಿ ನನ್ನನ್ನು ಕರೆದು ವಿಚಾರಿಸಿದರು. ಕಾರಣ ಆಗ ತಿಳಿಯಲಿಲ್ಲ. ಸಂತ ತೋಮಸ್ ಅಕ್ವಿನಾಸರ 'ಸುಮ್ಮಾ ಥಿಯೊಲೋಜಿಯೆ' ಓದುವಾಗ ತಿಳಿಯಿತು. ಅಷ್ಟು ದೊಡ್ಡ ದೈವಶಾಸ್ತ್ರ ಗ್ರಂಥದಲ್ಲಿ ಆಟ, ನಗು, ವಿನೋದಗಳಿಗೆಂದೇ ಒಂದು ಪ್ರಶ್ನೆಯಲ್ಲಿ ಮೂರು ಅಂಕಣಗಳಿವೆ. ಅಲ್ಲಿ ಅವರು ಸಂತ ಯೊವಾನ್ನರ ಬಗ್ಗೆ ಒಂದು ಹಳೆಯ ಕಥೆ ಹೇಳುತ್ತಾರೆ. ಶಿಷ್ಯರೊಂದಿಗೆ ಯೊವಾನ್ನರು ಆಡುತ್ತಿದ್ದುದನ್ನು ಕಂಡು ಕೆಲವರಿಗೆ ಬೇಸರವಾಯಿತು. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನನ್ನು ಕರೆದು ಬಾಣ ಬಿಡಲು ಹೇಳಿದರು. ಅವನು ಬಿಡುತ್ತಲೇ ಹೋದ. 'ಹೀಗೇ ನಿಲ್ಲಿಸದೆ ಬಿಡುತ್ತಿರಬಲ್ಲೆಯಾ?' ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು.

ತೋಮಸರು ಅಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಹುಡುಗರಿಗೆ ತುಂಬಾ ಸಂತೋಷವಾಗುತ್ತಿತ್ತು. ಅವರು ನಿಲ್ಲಿಸುವುದಿಲ್ಲ. ವಿನೋದ ಅಸಭ್ಯವಾಗಬಾರದು, ಮನಸ್ಸಿನ ಸ್ಥಿಮಿತವನ್ನು ಪೂರಾ ಕಳೆಯುವಂತಿರಬಾರದು, ಸ್ಥಳ ಕಾಲ ವ್ಯಕ್ತಿಗೆ ತಕ್ಕದ್ದಾಗಿರಬೇಕು ಎನ್ನುತ್ತಾರೆ. ಆ ಬಳಿಕ, ಅತಿಯಾದ ವಿನೋದ ಹೇಗೆ ದೋಷವೋ, ತಾನೂ ನಗದೆ ಇತರರ ನಗುವಿಗೂ ಅಡ್ಡಿಯಾಗುವುದು ಹಾಗೆಯೇ ದೋಷ ಎಂದೂ ಹೇಳುತ್ತಾರೆ. ಇದನ್ನು ತಂದೆತಾಯಂದಿರು ಗಮನಿಸಬೇಕು. ಅದೇ ಗ್ರಂಥದಲ್ಲಿ, ಕೆಲವೇ ಪುಟಗಳ ಹಿಂದೆ, ಅಧ್ಯಯನಶೀಲತೆಯೂ ಒಂದು ಸದ್ಗುಣವೆಂದು ಅವರು ವಿವರಿಸುತ್ತಾರೆ. ಎರಡನ್ನೂ ಅವರು ಸೇರಿಸುವುದು ಸಂಯಮವೆಂಬ ಒಂದೇ ತಾಯಿಬೇರಿಗೆ. ಸದ್ಗುಣಗಳು ಒಂದರ ಪಾಲನ್ನು ಇನ್ನೊಂದು ಕಿತ್ತುಕೊಳ್ಳುವುದಿಲ್ಲ.

ಈ ಪ್ರಶ್ನೆಯನ್ನು ನೇರವಾಗಿ ಕಾಲೇಜಿನ ಬಗ್ಗೆಯೇ ಕೇಳಿಕೊಂಡವರು ಸಂತ ಜಾನ್ ಹೆನ್ರಿ ನ್ಯೂಮನ್. 2025ರ ನವೆಂಬರ್ 1ರಂದು ಪೋಪ್ 14ನೇ ಲಿಯೋ ಅವರು ಇವರನ್ನು ಧರ್ಮಸಭೆಯ ಆಚಾರ್ಯರೆಂದು ಘೋಷಿಸಿ, ತೋಮಸ್ ಅಕ್ವಿನಾಸರೊಂದಿಗೆ ಕಥೋಲಿಕ ಶಿಕ್ಷಣಕ್ಕೆ ಪಾಲಕ ಸಂತರನ್ನಾಗಿಯೂ ಮಾಡಿದರು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಕಥೋಲಿಕ ವಿಶ್ವವಿದ್ಯಾಲಯ ಸ್ಥಾಪಿಸುವ ಹೊಣೆ ಹೊತ್ತಾಗ, 1852ರಲ್ಲಿ, ಅವರು ಸಿದ್ಧಪಡಿಸಿದ ಉಪನ್ಯಾಸಗಳಲ್ಲಿ ಒಂದು ವಿಚಿತ್ರ ಹೋಲಿಕೆ ಬರುತ್ತದೆ. ವಿದ್ಯಾರ್ಥಿಗಳು ಒಟ್ಟಿಗೆ ಬಾಳದೆ, ಮೇಲ್ವಿಚಾರಣೆಯೂ ಇಲ್ಲದೆ, ಹಲವಾರು ವಿಷಯಗಳಲ್ಲಿ ಪರೀಕ್ಷೆ ಮಾಡಿ ಪದವಿ ಕೊಡುವ ವಿದ್ಯಾಲಯ ಒಂದು. ಪ್ರಾಧ್ಯಾಪಕರೂ ಇಲ್ಲ, ಪರೀಕ್ಷೆಯೂ ಇಲ್ಲ, ಹಲವಾರು ತರುಣರನ್ನು ಮೂರು ನಾಲ್ಕು ವರ್ಷ ಒಟ್ಟಿಗೆ ಇರಿಸಿ ಕಳುಹಿಸಿಕೊಡುವ ವಿದ್ಯಾಲಯ ಇನ್ನೊಂದು. ಬುದ್ಧಿಯನ್ನು ಪಳಗಿಸುವುದರಲ್ಲಿ ಯಾವುದು ಮೇಲು? ನ್ಯೂಮನ್ನರು ಹಿಂಜರಿಯದೆ ಎರಡನೆಯದನ್ನು ಆರಿಸುತ್ತಾರೆ. ಬೇರೆ ಬೇರೆ ಕಡೆಯಿಂದ ಬಂದ ಚುರುಕು ಮನಸ್ಸಿನ ತರುಣರು ಕೂಡಿ ಬಾಳಿದರೆ, ಕಲಿಸುವವರಿಲ್ಲದಿದ್ದರೂ ಒಬ್ಬರಿಂದೊಬ್ಬರು ಕಲಿಯುತ್ತಾರೆ ಎಂಬುದು ಅವರ ವಾದ.

ನಮ್ಮ ಹುಡುಗಿಯ ಪಕ್ಷಕ್ಕೆ ಇದಕ್ಕಿಂತ ದೊಡ್ಡ ವಕೀಲ ಬೇಕೇ? ಆದರೆ ಆ ಪುಟವನ್ನು ಪೂರ್ತಿ ಓದಬೇಕು. ನೀತಿಯ ದೃಷ್ಟಿಯಿಂದ ಯಾವುದು ಮೇಲು ಎಂದು ತಾನು ತೀರ್ಮಾನಿಸುತ್ತಿಲ್ಲ ಎಂದು ಅವರೇ ಅಲ್ಲಿ ಎಚ್ಚರಿಸುತ್ತಾರೆ. ಆ ಎಚ್ಚರಿಕೆ ಪುಸ್ತಕದಿಂದ ಬಂದದ್ದಲ್ಲ, ಬಾಳಿನಿಂದ ಬಂದದ್ದು. 1817ರಲ್ಲಿ, 17 ತುಂಬುವ ಮೊದಲೇ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಲು ಬಂದಾಗ ಅಲ್ಲಿಯ 'ಒಡನಾಟ' ಎಂದರೆ ಕುಡಿತದ ಕೂಟವಾಗಿತ್ತು. ಪಿಟೀಲು ನುಡಿಸುತ್ತಿದ್ದ ಈ ನಾಚಿಕೆಯ ಹುಡುಗನನ್ನು ಅಂಥ ಕೂಟಕ್ಕೆ ಕರೆದು ಗೇಲಿ ಮಾಡಿದರು. ಅವನು ದೂರ ಸರಿದು ಪುಸ್ತಕದೊಳಗೆ ಹೊಕ್ಕ. ಕೊನೆಯ ಪರೀಕ್ಷೆಗೆ ಮೊದಲು ದಿನಕ್ಕೆ 12 ಗಂಟೆ ಓದಿದ. 1820ರಲ್ಲಿ ಪರೀಕ್ಷಕರ ಮುಂದೆ ನಿಂತಾಗ ಮನಸ್ಸು ಕೈಕೊಟ್ಟಿತು. ಎಲ್ಲರೂ ಪ್ರಥಮ ಶ್ರೇಣಿ ನಿರೀಕ್ಷಿಸಿದ್ದವನಿಗೆ ತೀರಾ ಕೆಳಗಿನ ದರ್ಜೆ ಸಿಕ್ಕಿತು. ಎರಡು ವರ್ಷದ ನಂತರ, 1822ರಲ್ಲಿ, ಓರಿಯಲ್ ಕಾಲೇಜು ಅವನನ್ನು ಫೆಲೋ ಆಗಿ ಆರಿಸಿತು. ವಾದಿಸುವ, ಪ್ರಶ್ನಿಸುವ, ತಿದ್ದುವ ಹಿರಿಯರ ಕೂಟ ಅಲ್ಲಿತ್ತು. ಆ ಕೂಟದ ನಡುವೆ ಅವನ ಬುದ್ಧಿ ಅರಳಿತು.

ಅಂದರೆ ಕೆಟ್ಟ ಕೂಟ, ಕೂಟವಿಲ್ಲದ ಓದು, ಒಳ್ಳೆಯ ಕೂಟ ಮೂರನ್ನೂ ಅವರು ಅನುಭವಿಸಿದ್ದರು. 12 ಗಂಟೆ ಓದಿಯೂ ಸೋತವರು ಎಂಬ ಸಂಗತಿಯನ್ನು ನಾನು ಪಿ.ಯು. ಮಕ್ಕಳ ಸಭೆಯಲ್ಲಿ ಹೇಳಿದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಂದೆ, "ಸ್ವಾಮಿ, ಇದನ್ನೆಲ್ಲ ಮಕ್ಕಳ ಎದುರು ಹೇಳಬೇಡಿ" ಎಂದರು. ಎಲ್ಲರೂ ನಕ್ಕರು. ಅವರ ಮಗ ನಗಲಿಲ್ಲ.

ಒಡನಾಟ ಎಂದರೆ ಎಲ್ಲವೂ ಒಳ್ಳೆಯದಲ್ಲ ಎಂಬುದಕ್ಕೆ ಸಂತ ಅಗುಸ್ತೀನರಿಗಿಂತ ನೇರವಾದ ಸಾಕ್ಷಿ ಇಲ್ಲ. 16ರ ವಯಸ್ಸಿನಲ್ಲಿ ಗೆಳೆಯರ ಗುಂಪಿನೊಂದಿಗೆ ನೆರೆಯವರ ತೋಟದ ಹಣ್ಣು ಕದ್ದ ಪ್ರಸಂಗವನ್ನು ಅವರು 'ನಿವೇದನೆಗಳು' ಗ್ರಂಥದಲ್ಲಿ ಪುಟಗಟ್ಟಲೆ ಶೋಧಿಸುತ್ತಾರೆ. ಹಸಿವಿಗೆ ಕದ್ದದ್ದಲ್ಲ, ಹಣ್ಣನ್ನು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ಎಂದೂ ಮಾಡುತ್ತಿರಲಿಲ್ಲ ಎನ್ನುತ್ತಾರೆ. ಮುಂದೆ ಓದಲು ಕಾರ್ಥೇಜಿಗೆ ಹೋದಾಗ ಅಲ್ಲಿ ಹೊಸ ವಿದ್ಯಾರ್ಥಿಗಳನ್ನು ಪೀಡಿಸುವ ಒಂದು ಪಡೆ ಇತ್ತು. ಈಗ ನಾವು ರ‍್ಯಾಗಿಂಗ್ ಎನ್ನುವುದು ಅದನ್ನೇ. 1,600 ವರ್ಷ ಹಳೆಯ ಪಿಡುಗು. ಅವರ ಕೃತ್ಯ ಇಷ್ಟವಿಲ್ಲದಿದ್ದರೂ ಅಗುಸ್ತೀನ್ ಅವರ ಜೊತೆ ತಿರುಗುತ್ತಿದ್ದರು. ತಾನು ಅವರಷ್ಟು ನಾಚಿಕೆಗೆಟ್ಟವನಲ್ಲ ಎಂಬುದೇ ಆಗ ಅವರಿಗೆ ನಾಚಿಕೆಯ ವಿಷಯವಾಗಿತ್ತು! ಹದಿನೆಂಟರ ಮನಸ್ಸು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಆದರೂ ಅದೇ ಅಗುಸ್ತೀನರು, ಅದೇ ಪುಸ್ತಕದಲ್ಲಿ, ಗೆಳೆಯರೊಂದಿಗೆ ಮಾತಾಡಿ ನಕ್ಕದ್ದನ್ನು, ಒಟ್ಟಿಗೆ ಪುಸ್ತಕ ಓದಿದ್ದನ್ನು, ಜಗಳವಿಲ್ಲದೆ ಭಿನ್ನಾಭಿಪ್ರಾಯ ಹೊಂದಿದ್ದನ್ನು ಕಣ್ಣು ತೇವವಾಗುವಂತೆ ನೆನೆಯುತ್ತಾರೆ. ಗೆಳೆತನವೇ ಬೇಡವೆಂದು ಅವರು ತೀರ್ಮಾನಿಸಲಿಲ್ಲ. ಮುಂದೆ ಗೆಳೆಯರನ್ನು ಕೂಡಿಕೊಂಡೇ ಸಮುದಾಯ ಜೀವನ ಆರಂಭಿಸಿದರು.

1529ರಲ್ಲಿ ಪ್ಯಾರಿಸ್ಸಿನ ಸಂತ ಬಾರ್ಬೆ ಕಾಲೇಜಿನ ಒಂದು ಕೋಣೆಯಲ್ಲಿ ಮೂವರಿದ್ದರು. ಎತ್ತರ ಜಿಗಿತದಲ್ಲಿ ಹೆಸರಾದ, ಗೆಲುವಿನ ಸ್ವಭಾವದ ಫ್ರಾನ್ಸಿಸ್ ಕ್ಸೇವಿಯರ್. ಓದಿನಲ್ಲಿ ಜಾಣನಾದ ರೈತನ ಮಗ ಪೀಟರ್ ಫೇಬರ್. ವಯಸ್ಸು ಮೀರಿ ಓದಲು ಬಂದ ಇಗ್ನಾಸಿ. ಅರಿಸ್ಟಾಟಲ್ ಅರ್ಥವಾಗದ ಇಗ್ನಾಸಿಗೆ ಫೇಬರ್ ಪಾಠ ಹೇಳಿಕೊಟ್ಟ. ಆ ಒಂದು ಕೋಣೆಯ ಒಡನಾಟದಿಂದ ಯೇಸುಸಭೆ ಹುಟ್ಟಿತು. ಆ ಸಭೆಯವರು ನಡೆಸುವ ಕಾಲೇಜುಗಳ ಮುಂದೆ ಇಂದಿಗೂ ನಮ್ಮವರು ಅರ್ಜಿ ಹಿಡಿದು ನಿಲ್ಲುತ್ತಾರೆ: ಮಂಗಳೂರಿನ ಸಂತ ಅಲೋಶಿಯಸ್, 1880ರದ್ದು, ಬೆಂಗಳೂರಿನ ಸಂತ ಜೋಸೆಫರದ್ದು 1882ರಲ್ಲಿ ಫ್ರೆಂಚ್ ಮಿಷನರಿಗಳಿಂದ ಆರಂಭವಾಗಿ 1937ರಲ್ಲಿ ಯೇಸುಸಭೆಯ ಕೈಗೆ ಬಂದು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಕನ್ನಡದ ಮಟ್ಟಿಗೂ ಇಂಥ ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನೂರು ವರ್ಷಗಳಿಗೂ ಹಿಂದೆ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ನಾಟಕ ಸಂಘ ಯಾವ ಪರೀಕ್ಷೆಗೂ ಅಂಕ ತರುವ ಕೆಲಸವಾಗಿರಲಿಲ್ಲ. 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಅಲ್ಲಿಂದಲೇ ಹೊರಟಿತು.

ಇಷ್ಟು ಹೇಳಿದ ಮೇಲೆ ನಮ್ಮ ಮಾದನಾಯಕನಹಳ್ಳಿಗೆ ಬರೋಣ. ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಗಳು ಕಾಲೇಜಿನೊಳಗೇ ಮಲಗುತ್ತಿದ್ದರು. ನಮ್ಮ ಮಕ್ಕಳು ತುಮಕೂರು ರಸ್ತೆಯಲ್ಲಿ ನಿಂತು ಬಸ್ಸು ಕಾಯುವವರು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎಷ್ಟು ಮಕ್ಕಳ ಮೊದಲ ಪಿರಿಯಡ್ಡು ಕಳೆದುಹೋಗಿದೆಯೋ ದೇವರಿಗೇ ಗೊತ್ತು. 2024ರ ನವೆಂಬರ್ 7ರಂದು ಮೆಟ್ರೋ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ. ಮಾದಾವರದಲ್ಲಿ ಹತ್ತಿದರೆ ರೈಲು ಬದಲಿಸದೆ ಲಾಲ್‌ಬಾಗಿನವರೆಗೂ ಹೋಗಬಹುದು. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿ, ಗರಿಷ್ಠ ಟಿಕೆಟ್ಟು 60ರಿಂದ 90 ರೂಪಾಯಿಗೆ ಹೋಯಿತು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಬಸ್ಸು ಉಚಿತ; ಹಣ ಉಳಿಯುತ್ತದೆ, ಹೊತ್ತು ಉಳಿಯುವುದಿಲ್ಲ. ದಿನಕ್ಕೆ ಮೂರು ಗಂಟೆ ಪ್ರಯಾಣ ಮಾಡುವ ಮಗು ಆ ಮೂರು ಗಂಟೆಯನ್ನು ಎಲ್ಲಿಂದ ತರುತ್ತದೆ? ಓದಿನಿಂದ, ಇಲ್ಲವೇ ಗೆಳೆಯರಿಂದ, ಇಲ್ಲವೇ ನಿದ್ದೆಯಿಂದ. ಸಂಜೆ ಐದಕ್ಕೆ ಆರಂಭವಾಗುವ ನಾಟಕದ ಅಭ್ಯಾಸ ನಮ್ಮೂರಿನ ಹುಡುಗಿಗೆ ಅಲ್ಲವೇ ಅಲ್ಲ. ಕಾಲೇಜಿನ ಪುಸ್ತಿಕೆಯಲ್ಲಿ ಇರುವ ಸಂಘಗಳ ಪಟ್ಟಿ ನೋಡಿ ಮರುಳಾಗುವ ಮೊದಲು, ಅವು ಎಷ್ಟು ಗಂಟೆಗೆ ಸೇರುತ್ತವೆ ಎಂದು ಕೇಳಬೇಕು.

ಹಣದ ಮಾತೂ ಇದೆ. ಫೆಸ್ಟು ಎಂದರೆ ಉಡುಪು, ಚಂದಾ, ಹೊರಗಿನ ಊಟ. ಇಲ್ಲ ಎನ್ನಲಾಗದ ಮಕ್ಕಳು ಮನೆಯಲ್ಲಿ ಸುಳ್ಳು ಹೇಳುತ್ತಾರೆ, ಇಲ್ಲವೇ ಆ ದಿನ ಜ್ವರವೆಂದು ಮಲಗುತ್ತಾರೆ. ಎರಡನ್ನೂ ನಾನು ಕಂಡಿದ್ದೇನೆ. ಲೂಕನ ಶುಭಸಂದೇಶದ ಕಿರಿಯ ಮಗನಿಗೆ ಹಣ ಇದ್ದಷ್ಟು ದಿನ ಎಷ್ಟು ಜನ ಜೊತೆಗಿದ್ದರೋ ಬರೆದಿಲ್ಲ. ಹಣ ಮುಗಿದಾಗ ಯಾರೂ ಏನೂ ಕೊಡಲಿಲ್ಲ ಎಂಬುದು ಮಾತ್ರ ಬರೆದಿದೆ.

ತಂದೆತಾಯಂದಿರಿಗೆ ಇಲ್ಲಿ ಒಂದು ಕಹಿ ಮಾತು. ಚಿನ್ನ ಗಿರವಿ ಇಟ್ಟು, ಸಂಘದಲ್ಲಿ ಸಾಲ ಎತ್ತಿ ನೀವು ಶುಲ್ಕ ಕಟ್ಟುತ್ತೀರಿ. ಆ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ. ಮಕ್ಕಳು ಅದನ್ನು ಮರೆಯುವುದು ಪಾಪವೇ. ಆದರೆ ಪ್ರತಿದಿನ ಊಟದ ತಟ್ಟೆಯ ಮುಂದೆ ಆ ಸಾಲವನ್ನು ಎಣಿಸಿದರೆ, ಮಗು ಓದುವುದನ್ನು ಬಿಟ್ಟು ಸಾಲ ತೀರಿಸಲು ಆರಂಭಿಸುತ್ತದೆ. ಗೆಳೆಯನ ಜೊತೆ ಅರ್ಧ ಗಂಟೆ ನಕ್ಕರೂ ಕಳ್ಳತನ ಮಾಡಿದಂತೆ ಅದಕ್ಕೆ ಭಾಸವಾಗುತ್ತದೆ. ಯುವಜನರಿಗೆ ನಾನು ಹೇಳುವುದು ಬೇರೆ. ನಿಮ್ಮ ತಾಯಿ ಎಂಟು ಗಂಟೆ ಕತ್ತು ಬಗ್ಗಿಸಿ ಹೊಲಿದ ಅಂಗಿಗಳ ಕೂಲಿಯಲ್ಲಿ ನಿಮ್ಮ ಶುಲ್ಕ ಇದೆ. 'ಕಾಲೇಜು ಲೈಫು' ಎಂದು ನೀವು ಕೇಳುವುದು ಆ ಕೂಲಿಯ ಮುಖ ನೋಡಿ ಕೇಳಬಹುದಾದದ್ದೇ ಎಂದು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಕೆಲವೊಮ್ಮೆ ಹೌದು ಎಂಬ ಉತ್ತರವೇ ಬರುತ್ತದೆ. ಆಗ ಹೆದರದೆ ಕೇಳಿ.

ನನ್ನ ಅನುಭವದಲ್ಲಿ ಇಬ್ಬರೂ ಒಂದೇ ಬಗೆಯಲ್ಲಿ ಮೋಸ ಹೋಗುತ್ತಾರೆ. ತಂದೆತಾಯಿ ಒಳ್ಳೆಯ ಓದನ್ನು ಹುಡುಕುತ್ತಾ ಕಟ್ಟುನಿಟ್ಟನ್ನು ಕಂಡು ಅದೇ ಇದು ಎಂದುಕೊಳ್ಳುತ್ತಾರೆ. ಮಗು ಗೆಳೆತನವನ್ನು ಹುಡುಕುತ್ತಾ ಗದ್ದಲವನ್ನು ಕಂಡು ಅದೇ ಇದು ಎಂದುಕೊಳ್ಳುತ್ತದೆ. ಗೇಟಿನಲ್ಲಿ ಮೊಬೈಲು ಕಿತ್ತುಕೊಂಡರೆ ಒಳಗೆ ಒಳ್ಳೆಯ ಪಾಠ ನಡೆಯುತ್ತದೆ ಎಂದೇನೂ ಇಲ್ಲ. ವಾರಕ್ಕೊಂದು ಟೆಸ್ಟು ಇಟ್ಟರೂ ಪ್ರಶ್ನೆ ಕೇಳಿದವನನ್ನು ಗದರಿಸುವ ಕಾಲೇಜು ಇರಬಹುದು. ಹಾಗೆಯೇ 5,000 ಜನ ಕುಣಿಯುವ ಮೈದಾನದಲ್ಲಿ ನಿಂತವನಿಗೆ ಜ್ವರ ಬಂದರೆ ನೋಟ್ಸ್ ತಂದುಕೊಡುವವರು ಇಲ್ಲದಿರಬಹುದು. ಗುಂಪಿನಲ್ಲಿ ನಾವು ಕಾಣಿಸಿಕೊಳ್ಳುತ್ತೇವೆ. ಗೆಳೆತನದಲ್ಲಿ ಯಾರೋ ನಮ್ಮನ್ನು ಅರಿಯುತ್ತಾರೆ. ಒಟ್ಟಿಗೆ ಉಪ್ಪು ತಿನ್ನುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನು ಅರಿಸ್ಟಾಟಲ್ ನೆನೆಯುತ್ತಾನೆ. ನಮ್ಮ ಮಕ್ಕಳ ಪಾಲಿಗೆ ಆ ಉಪ್ಪು ಹಂಚಿಕೊಂಡ ಟಿಫನ್ ಡಬ್ಬಿಯಲ್ಲಿದೆ.

ಯೇಸುಸ್ವಾಮಿಗೆ 12 ವರ್ಷವಾಗಿದ್ದಾಗ ಮರಿಯ ಮತ್ತು ಜೋಸೆಫರು ಮೂರು ದಿನ ಹುಡುಕಿ ಅವರನ್ನು ಕಂಡದ್ದು ದೇವಾಲಯದಲ್ಲಿ, ಬೋಧಕರ ನಡುವೆ. ಕೇಳುತ್ತಿದ್ದರು, ಪ್ರಶ್ನೆಯನ್ನೂ ಹಾಕುತ್ತಿದ್ದರು. ಬೋಧಕರು ಗದರಿಸಲಿಲ್ಲ, ಬೆರಗಾದರು. ಅದೊಂದು ಒಳ್ಳೆಯ ತರಗತಿ ಎಂದು ನನಗೆ ಅನ್ನಿಸುತ್ತದೆ.

ಮುಂದಿನ ಭಾನುವಾರ ತಾಯಿ ಮಗಳು ಬಂದಾಗ ನಾನು ಉತ್ತರ ಕೊಡಲಿಲ್ಲ. ಒಂದು ಕೆಲಸ ಕೊಟ್ಟೆ. ಇಬ್ಬರೂ ಒಟ್ಟಿಗೆ, ಎರಡೂ ಕಾಲೇಜುಗಳಿಗೆ, ಪ್ರವೇಶದ ದಿನವಲ್ಲದೆ ಒಂದು ಸಾಧಾರಣ ಮಂಗಳವಾರ ಹೋಗಿ ಬನ್ನಿ ಎಂದೆ. ಫ್ಲೆಕ್ಸು ನೋಡಬೇಡಿ. ನ್ಯಾಕ್ ಸಂಸ್ಥೆ ಕೊಟ್ಟ ಶ್ರೇಣಿ ಕೇಳಿ, ಆದರೆ ಅದಕ್ಕೇ ನಿಲ್ಲಬೇಡಿ. ವಾಣಿಜ್ಯ ವಿಭಾಗದಲ್ಲಿ ಮೂರು ವರ್ಷದಿಂದ ಇದ್ದ ಅಧ್ಯಾಪಕರು ಎಷ್ಟು ಜನ, ಈ ವರ್ಷವೇ ಸೇರಿದ ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ಕೇಳಿ. ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದಲ್ಲಿ ಯಾರಾದರೂ ಇದ್ದಾರೆಯೇ ನೋಡಿ. ಕ್ಯಾಂಟೀನಿನಲ್ಲಿ ಕೂತು ಅಕ್ಕಪಕ್ಕದ ಮಾತು ಕೇಳಿಸಿಕೊಳ್ಳಿ. ಕನ್ನಡ ಮಾಧ್ಯಮದಿಂದ ಬಂದ ಒಬ್ಬ ಹಿರಿಯ ವಿದ್ಯಾರ್ಥಿನಿಯನ್ನು ಹುಡುಕಿ, ಮೊದಲ ವರ್ಷ ನಿನಗೆ ಯಾರು ಸಹಾಯ ಮಾಡಿದರು ಎಂದು ಕೇಳಿ. ಪಾಠದ ಗುಣದಲ್ಲಿ ನಿಜವಾಗಿ ದೊಡ್ಡ ಅಂತರ ಕಂಡರೆ ಪಾಠವೇ ತೀರ್ಮಾನಿಸಲಿ, ಗೆಳೆತನಕ್ಕೆ ಧರ್ಮಕೇಂದ್ರದ ಯುವಕೂಟವಿದೆ. ಅಂತರ ಸಣ್ಣದಾದರೆ ಒಡನಾಟ ತೀರ್ಮಾನಿಸಲಿ; ಎರಡು ಮೂರು ಅಂಕದ ಫಲಿತಾಂಶಕ್ಕಾಗಿ ಮೂರು ವರ್ಷದ ಒಂಟಿತನ ಕೊಳ್ಳಬೇಡಿ ಎಂದೆ. ಇದು ನನ್ನ ಅಭಿಪ್ರಾಯ, ವೇದವಾಕ್ಯವಲ್ಲ ಎಂದೂ ಸೇರಿಸಿದೆ. ಆ ಹುಡುಗನ ಕಾಲದಲ್ಲಿ ಈ ಮಾತನ್ನು ಸೇರಿಸಿರಲಿಲ್ಲ.

ತಾಯಿ ಒಂದು ದಿನದ ಕೂಲಿ ಬಿಟ್ಟು ಹೋಗಿ ಬಂದರು. ಹತ್ತಿರದ ಕಾಲೇಜು ಅವರಿಗೇ ಸ್ವಲ್ಪ ನಿರಾಸೆ ಉಂಟುಮಾಡಿತ್ತು. ವಿಭಾಗದ ಅಧ್ಯಾಪಕರಲ್ಲಿ ಹೆಚ್ಚಿನವರು ಹೊಸಬರು, ಗ್ರಂಥಾಲಯಕ್ಕೆ ಬೀಗ. ಆದರೂ ಅಲ್ಲಿಯ ಒಬ್ಬ ಹುಡುಗಿ ತನ್ನ ಹಳೆಯ ನೋಟ್ಸ್ ಕೊಡುತ್ತೇನೆಂದು ನಂಬರು ಬರೆದುಕೊಟ್ಟಿದ್ದಳು. ನಗರದ ಕಾಲೇಜಿನಲ್ಲಿ ಮೆಟ್ಟಿಲ ಮೇಲೆ ಕೂತು ಒಬ್ಬ ಮೇಡಂ ಇಬ್ಬರು ವಿದ್ಯಾರ್ಥಿಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದುದನ್ನು ಮಗಳು ನೋಡಿದ್ದಳು. ಫೆಸ್ಟಿನ ಉಡುಪಿಗೆ ತಗಲುವ ಖರ್ಚು ಕೇಳಿ ಅವಳೇ ಬೆಚ್ಚಿದ್ದಳು. "ನೃತ್ಯ ಬೇಡ ಫಾದರ್, ಮಧ್ಯಾಹ್ನದ ಹೊತ್ತಲ್ಲಿ ಸೇರೋ ಚರ್ಚಾಕೂಟ ಇದೆಯಂತೆ" ಎಂದಳು.

"ನೀವು ಏನು ನೋಡಿದಿರಿ?" ಎಂದು ತಾಯಿಯನ್ನು ಕೇಳಿದೆ.

"ನಾನೇನು ನೋಡಲಿ ಸ್ವಾಮಿ. ಇವಳ ಜೊತೆ ಕ್ಯಾಂಟೀನಲ್ಲಿ ಕೂತು ಟೀ ಕುಡಿದೆ. ಕಾಲೇಜು ಅನ್ನೋದರ ಒಳಗೆ ಕಾಲಿಟ್ಟಿದ್ದೇ ಮೊದಲು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗಿನ್ನೂ ಭಯ ಇದೆ" ಎಂದರು. ನನಗೂ ಇತ್ತು, ಹೇಳಲಿಲ್ಲ.

ಪತ್ರದಲ್ಲಿ ಕಾಲೇಜಿನ ಹೆಸರಿಗೆ ಜಾಗ ಖಾಲಿ ಬಿಟ್ಟು ಕೊಟ್ಟೆ. ಮಗಳು ನಗರದ ಕಾಲೇಜಿನ ಹೆಸರು ತುಂಬಿದಳು. ತಾಯಿ ಅದನ್ನು ಅಕ್ಷರ ಅಕ್ಷರವಾಗಿ ಓದಿಸಿ ಕೇಳಿ, ಮಡಿಸಿ ಚೀಲದಲ್ಲಿಟ್ಟರು. ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ಬಂದು, "ಸ್ವಾಮಿ, ಶುಲ್ಕ ಎರಡು ಕಂತಿನಲ್ಲಿ ಕಟ್ಟೋಕೆ ಬಿಡಿ ಅಂತ ಇನ್ನೊಂದು ಪತ್ರ ಬರೆದುಕೊಡ್ತೀರಾ?" ಎಂದು ಕೇಳಿದರು. ಕೂತು ಬರೆದೆ.